ವಾಶಿಯಿಂದ ಕಾರವಾರಕ್ಕೆ : ಬೆನ್ನ ಹಿಂದೆ ಗಾಡಿಯಿಲ್ಲದ ಪಯಣ

(ಸಂಘದ ಸದಸ್ಯ ಕುಟುಂಬಗಳ ಕೂಟದಲ್ಲಿ ಮಾಡಿದ ಭಾಷಣ)



ಬರುವ ಡಿಸೆಂಬರು ತಿಂಗಳಲ್ಲಿ ನಮ್ಮ ಸಂಘದ ಬಳಗಕ್ಕೆ ಸೇರಿದ ನಾವು ಆರು ಮಂದಿ ವಾಶಿಯಿಂದ ಕಾರವಾರಕ್ಕೆ ಬೈಸಿಕಲ್ಲಿನ ಮೇಲೆ ಹೊರಡಲು ನಿಶ್ಚಯಿಸಿರುವ ಸಂಗತಿ ನಿಮ್ಮೆಲ್ಲರ ಕಿವಿಗೂ ಬಿದ್ದಿದೆ. ಸುದ್ದಿ ಹೊರಬಿದ್ದ ದಿನದಿಂದ ನಮಗೆ ದೊರೆತಿರುವ ಉಪದೇಶಕ್ಕೆ ಲೆಕ್ಕವಿಲ್ಲ. ಹಿರಿಯ ತಾಯಿಯೊಬ್ಬರು, "ಎಂತ ಮಾರಾಯ, ರೈಲಿಗೆ ದುಡ್ಡಿಲ್ಲವಾ ನಿಮಗೆ? ಬೇಕಾದರೆ ನಾನು ಕೊಡ್ತೇನೆ" ಎಂದರು. ಸಮಿತಿಯವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಸಂಘದ ಖರ್ಚಿನಲ್ಲಿ ಒಂದು ಟೆಂಪೋವನ್ನು ಗೊತ್ತುಮಾಡಿ, ಅದಕ್ಕೆ ಬ್ಯಾನರು ಕಟ್ಟಿ, ಅಡಿಗೆಯವರೊಬ್ಬರನ್ನೂ ಸೈಕಲ್ ರಿಪೇರಿಯವರೊಬ್ಬರನ್ನೂ ಕೂರಿಸಿ ನಮ್ಮ ಬೆನ್ನ ಹಿಂದೆಯೇ ಕಳುಹಿಸಲು ಸಿದ್ಧರಾದರು. ಆ ಪ್ರೀತಿಗೆ ನಾವು ತಲೆಬಾಗುತ್ತೇವೆ. ಆದರೂ ಟೆಂಪೋ ಬೇಡವೆಂದು ವಿನಯದಿಂದ ಹೇಳಿರುವೆವು. ಇದನ್ನು ಕೆಲವರು ಅಹಂಕಾರವೆಂದರು, ಕೆಲವರು ಹುಚ್ಚೆಂದರು. ಏಕೆ ಬೇಡವೆಂಬುದನ್ನು ಎಲ್ಲರೆದುರಿಗೆ ಹೇಳಿಬಿಡಿರೆಂದು ಅಧ್ಯಕ್ಷರು ಅಪ್ಪಣೆ ಮಾಡಿದ್ದರಿಂದ ಇಂದು ನಿಮ್ಮೆದುರು ನಿಂತಿದ್ದೇವೆ.

ಮೊದಲು ಪಯಣದ ರೂಪವನ್ನು ತಿಳಿಸುತ್ತೇವೆ. ದಾರಿ ಸುಮಾರು ೭೦೦ ಕಿಲೋಮೀಟರು. ಗೊತ್ತುಮಾಡಿಕೊಂಡಿರುವ ಅವಧಿ ಆರು ದಿನ. ಆರು ಮಂದಿಯಲ್ಲಿ ಇಬ್ಬರು ಐವತ್ತು ದಾಟಿದವರು, ಇಬ್ಬರು ಕಾಲೇಜಿಗೆ ಹೋಗುವ ಹುಡುಗರು, ಇಬ್ಬರು ಹೆಣ್ಣುಮಕ್ಕಳು. ಬಟ್ಟೆ, ಹೊದಿಕೆ, ಔಷಧ, ಹತಾರಗಳು ಎಲ್ಲವೂ ಸೈಕಲ್ಲಿಗೆ ಬಿಗಿದ ಚೀಲಗಳಲ್ಲಿಯೇ ಇರುವುವು. ಊಟ ತಿಂಡಿ ದಾರಿಯ ಖಾನಾವಳಿಗಳಲ್ಲಿ. ರಾತ್ರಿಯ ತಂಗು ದಾರಿಯಲ್ಲಿ ಸಿಕ್ಕ ಧರ್ಮಶಾಲೆ, ವಸತಿಗೃಹಗಳಲ್ಲಿ. ಮುಂದಾಗಿ ಕಾದಿರಿಸಿದ ಕೋಣೆಯಿಲ್ಲ, ಎದುರುಗೊಳ್ಳಲು ಬರುವ ನೆಂಟರಿಲ್ಲ, ಹಿಂದೆ ಬರುವ ಗಾಡಿಯಿಲ್ಲ. ನಮ್ಮ ಪಯಣದ ಷರತ್ತು ಇಷ್ಟೇ.

ಈ ಷರತ್ತು ನಮ್ಮ ಸ್ವಂತ ಕಲ್ಪನೆಯೇನೂ ಅಲ್ಲ. ಬೈಸಿಕಲ್ಲಿನಷ್ಟೇ ಹಳೆಯದು ಎನ್ನಬಹುದು. ೧೮೯೧ರಲ್ಲಿ ಫ್ರಾನ್ಸ್ ದೇಶದ ಒಂದು ವೃತ್ತಪತ್ರಿಕೆ ಪ್ಯಾರಿಸ್ಸಿನಿಂದ ಬ್ರೆಸ್ಟ್ ಎಂಬ ಕಡಲ ತೀರದ ಊರಿಗೆ ಹೋಗಿ ಮರಳಿ ಬರುವ ಸುಮಾರು ೧೨೦೦ ಕಿಲೋಮೀಟರಿನ ಪಂದ್ಯವನ್ನು ಏರ್ಪಡಿಸಿತು. ಶಾರ್ಲ್ ತೆರಾಂ ಎಂಬವನು ೭೧ ಗಂಟೆ ೨೨ ನಿಮಿಷಗಳಲ್ಲಿ ಮೊದಲಿಗನಾಗಿ ಬಂದನು. ಆ ಪಂದ್ಯ ಇಂದಿಗೂ ಉಂಟು. ಆದರೆ ಪಂದ್ಯವಾಗಿ ಅಲ್ಲ. ನಾಲ್ಕು ವರ್ಷಕ್ಕೊಮ್ಮೆ ನಡೆಯುವ ಈ ಓಟವನ್ನು ೯೦ ಗಂಟೆಯೊಳಗೆ ಮುಗಿಸಿದವರೆಲ್ಲರೂ ಅಲ್ಲಿ ಸಮಾನರು; ಮೊದಲು ಬಂದವನಿಗೆ ಬಹುಮಾನವಿಲ್ಲ. ೨೦೨೩ರಲ್ಲಿ ನಡೆದಾಗ ನಮ್ಮ ದೇಶದಿಂದಲೂ ಅನೇಕರು ಹೋಗಿದ್ದರು. ಅದರ ಮರಿಗಳಂತಿರುವ ಬ್ರೆವೆ ಎಂಬ ಓಟಗಳು ಮುಂಬಯಿ, ಪುಣೆ, ಬೆಂಗಳೂರು ಮೊದಲಾದ ಊರುಗಳಲ್ಲಿ ನಡೆಯುತ್ತವೆ. ೨೦೦ ಕಿಲೋಮೀಟರಿಗೆ ಹದಿಮೂರೂವರೆ ಗಂಟೆ, ೩೦೦ಕ್ಕೆ ೨೦, ೪೦೦ಕ್ಕೆ ೨೭, ೬೦೦ಕ್ಕೆ ೪೦ ಗಂಟೆ, ಹೀಗೆ ಕಾಲಮಿತಿ ಉಂಟು. ಸವಾರನ ಕೈಯಲ್ಲೊಂದು ಚೀಟಿ. ಗೊತ್ತಾದ ಠಾಣೆಗಳಲ್ಲಿ ಅದಕ್ಕೆ ಮುದ್ರೆ ಒತ್ತಿಸಿಕೊಳ್ಳಬೇಕು. ಎರಡು ಠಾಣೆಗಳ ನಡುವೆ ಬೆಂಬಲದ ಗಾಡಿ ಹಿಂಬಾಲಿಸಕೂಡದು. ನಮ್ಮಲ್ಲಿ ಕೆಲವರು ೨೦೦ ಹಾಗೂ ೩೦೦ರ ಬ್ರೆವೆಗಳನ್ನು ಮುಗಿಸಿದವರು. ಹಾಗಾಗಿ ಬರಿಯ ಉಮೇದಿನಿಂದ ಈ ಮಾತು ಆಡುತ್ತಿಲ್ಲ.

ಸ್ವಾವಲಂಬನೆ ಎಂದರೇನು? ಎಲ್ಲಿಯವರೆಗೆ ಅದು ಗುಣ, ಎಲ್ಲಿಂದಾಚೆಗೆ ಮೊಂಡುತನ? ಇದಕ್ಕೆ ಸಂಬಂಧಿಸಿದ ನಿಜವಾದ ಕಥೆಯೊಂದನ್ನು ಹೇಳುತ್ತೇವೆ. ೧೯೧೩ರ ಟೂರ್ ದ ಫ್ರಾನ್ಸ್ ಪಂದ್ಯದಲ್ಲಿ ಯೂಜೆನ್ ಕ್ರಿಸ್ಟೋಫ್ ಎಂಬ ಸವಾರ ಗೆಲುವಿನ ಹಾದಿಯಲ್ಲಿದ್ದ. ತೂರ್ಮಾಲೆ ಎಂಬ ಪರ್ವತದ ಕಣಿವೆಯನ್ನು ಇಳಿಯುವಾಗ ಅವನ ಸೈಕಲ್ಲಿನ ಮುಂದಿನ ಫೋರ್ಕು ಮುರಿಯಿತು. ಬೇರೆ ಸೈಕಲ್ಲು ತೆಗೆದುಕೊಳ್ಳಕೂಡದು, ಇನ್ನೊಬ್ಬರ ಸಹಾಯ ಪಡೆಯಕೂಡದು ಎಂಬುದು ಆ ಕಾಲದ ಕಟ್ಟಳೆ. ಕ್ರಿಸ್ಟೋಫ್ ಸೈಕಲ್ಲನ್ನು ಹೆಗಲಿಗೇರಿಸಿ, ಹತ್ತು ಕಿಲೋಮೀಟರಿಗೆ ಕಡಿಮೆಯಿಲ್ಲದ ದಾರಿಯನ್ನು ಕಣ್ಣೀರಿಡುತ್ತ ನಡೆದು, ಒಂದು ಹಳ್ಳಿಯ ಕುಲುಮೆ ಸೇರಿದ. ಕಮ್ಮಾರ ಬಳಿಯಲ್ಲಿ ನಿಂತು ಬಾಯಿಮಾತಿನಲ್ಲಿ ಹೇಳಿಕೊಡಬಹುದು, ಕೈ ಹಚ್ಚುವಂತಿಲ್ಲ. ಪಂದ್ಯದ ಅಧಿಕಾರಿಗಳು ಕಣ್ಣು ಮಿಟುಕಿಸದೆ ಕಾಯುತ್ತ ನಿಂತಿದ್ದರು. ಕ್ರಿಸ್ಟೋಫ್ ತಾನೇ ಕಬ್ಬಿಣ ಕಾಯಿಸಿ, ಬಡಿದು, ಫೋರ್ಕನ್ನು ಬೆಸೆದ. ಎರಡು ಕೈಯೂ ಕೆಲಸದಲ್ಲಿದ್ದುದರಿಂದ ತಿದಿಯೊತ್ತಲು ಅಲ್ಲಿದ್ದ ಪುಟ್ಟ ಹುಡುಗನೊಬ್ಬನನ್ನು ಕರೆದ. ಅಷ್ಟಕ್ಕೇ ಅಧಿಕಾರಿಗಳು ಅವನಿಗೆ ಹತ್ತು ನಿಮಿಷದ ದಂಡ ವಿಧಿಸಿದರು. ಆಮೇಲೆ ಮನಸ್ಸು ಕರಗಿ ಮೂರು ನಿಮಿಷಕ್ಕೆ ಇಳಿಸಿದರು. ಗಂಟೆಗಟ್ಟಲೆ ಹಿಂದೆ ಬಿದ್ದಿದ್ದರೂ ಅವನು ಪಂದ್ಯವನ್ನು ಬಿಡಲಿಲ್ಲ, ಏಳನೆಯವನಾಗಿ ಮುಗಿಸಿದನು.

ಈ ಕಥೆ ಕೇಳಿದವರೆಲ್ಲ ಕ್ರಿಸ್ಟೋಫನನ್ನು ಹೊಗಳುತ್ತಾರೆ; ನಾವೂ ಹೊಗಳುತ್ತೇವೆ. ಆದರೆ ನಮ್ಮ ಮನಸ್ಸು ಹೋಗುವುದು ತಿದಿಯೊತ್ತಿದ ಆ ಹುಡುಗನ ಕಡೆಗೆ. ಅವನನ್ನು ಕ್ರಿಸ್ಟೋಫ್ ಮುಂದಾಗಿ ಗೊತ್ತುಮಾಡಿ ನಿಲ್ಲಿಸಿರಲಿಲ್ಲ. ದಾರಿಯಲ್ಲಿ ಎದುರಾದ ಕಷ್ಟಕ್ಕೆ ದಾರಿಯಲ್ಲೇ ಸಿಕ್ಕ ಕೈ ಅದು. ಅದಕ್ಕೆ ದಂಡ ವಿಧಿಸಿದ್ದು ನ್ಯಾಯವೇ? ಬೆಂಬಲವಿಲ್ಲದ ದೂರದ ಓಟಗಳನ್ನು ಇಂದು ನಡೆಸುವವರು ಈ ಪ್ರಶ್ನೆಯನ್ನು ಚೆನ್ನಾಗಿ ವಿಚಾರಮಾಡಿ ಒಂದು ಗೆರೆ ಎಳೆದಿರುವರು. ಯಾವ ದಾರಿಹೋಕನಿಗಾದರೂ ಸಿಗಬಹುದಾದ ಅಂಗಡಿ, ಛತ್ರ, ಬಾವಿ, ರಿಪೇರಿಯ ಗೂಡುಗಳನ್ನು ಬಳಸಿಕೊಳ್ಳಬಹುದು. ಅನಿರೀಕ್ಷಿತವಾಗಿ ಯಾರಾದರೂ ಮಜ್ಜಿಗೆ ಕೊಟ್ಟರೆ ಕುಡಿಯಬಹುದು. ತನಗೊಬ್ಬನಿಗಾಗಿ ಮುಂದಾಗಿ ಏರ್ಪಡಿಸಿದ ಸಹಾಯವನ್ನು ಮಾತ್ರ ತೆಗೆದುಕೊಳ್ಳಕೂಡದು. ಈ ಗೆರೆ ನಮಗೆ ಬಹಳ ಒಪ್ಪಿಗೆಯಾಯಿತು. ಸಹಾಯವನ್ನು ತಿರಸ್ಕರಿಸುವುದು ಸ್ವಾವಲಂಬನೆಯಲ್ಲ. ಸಹಾಯವನ್ನು ಹಕ್ಕೆಂದು ಕಟ್ಟಿಕೊಂಡು ಹೊರಡದಿರುವುದೇ ಸ್ವಾವಲಂಬನೆ.

ಇದನ್ನು ನಿಮಗೆ ನಾವು ಕಲಿಸಬೇಕಾಗಿಲ್ಲ. ಈ ಸಭೆಯಲ್ಲಿ ಮುಂದಿನ ಸಾಲಿನಲ್ಲಿ ಕುಳಿತಿರುವ ಹಿರಿಯರ ಬಾಳೇ ಇದಕ್ಕೆ ಸಾಕ್ಷಿ. ಕರಾವಳಿಯಿಂದ ಮುಂಬಯಿಗೆ ಬಂದ ನಮ್ಮವರಲ್ಲಿ ಕೆಲವರು ಹಡಗಿನಲ್ಲಿ ಬಂದರು, ಕೆಲವರು ಘಟ್ಟ ಹತ್ತಿ ಬಸ್ಸು ರೈಲುಗಳನ್ನು ಬದಲಿಸುತ್ತ ಬಂದರು. ಕೈಯಲ್ಲಿ ಒಂದು ತಗಡಿನ ಟ್ರಂಕು, ಕಿಸೆಯಲ್ಲಿ ಊರವರೊಬ್ಬರ ವಿಳಾಸದ ಚೀಟಿ. ಹೋಟೆಲಿನಲ್ಲಿ ಲೋಟ ತೊಳೆದು, ರಾತ್ರಿ ಅದೇ ಹೋಟೆಲಿನ ಮೇಜಿನ ಮೇಲೆ ಮಲಗಿ, ಕನ್ನಡ ರಾತ್ರಿಶಾಲೆಯಲ್ಲಿ ಓದಿ ಮ್ಯಾಟ್ರಿಕ್ ಮಾಡಿದವರು ಎಷ್ಟು ಮಂದಿಯಿಲ್ಲ? ಮೇಜನ್ನು ಮಲಗಲು ಬಿಟ್ಟುಕೊಟ್ಟ ಹೋಟೆಲು ಮಾಲೀಕರು, ಪುಕ್ಕಟೆಯಾಗಿ ಪಾಠ ಹೇಳಿದ ಮಾಸ್ತರರು, ಇವರೇ ಆ ಬಾಳಿನಲ್ಲಿ ತಿದಿಯೊತ್ತಿದವರು. ಆದರೆ ಬೆಸೆದ ಕೈ ಮಾತ್ರ ಅವರವರದೇ. ಆಮೇಲೆ ೧೯೭೩ರಲ್ಲಿ ಠಾಣೆ ಖಾರಿಯ ಮೇಲೆ ಸೇತುವೆಯಾಯಿತು, ೧೯೯೨ರಲ್ಲಿ ವಾಶಿಗೆ ರೈಲು ಬಂದಿತು. ಕೆಸರು, ಉಪ್ಪಿನ ಗದ್ದೆಗಳ ನಡುವೆ ಎದ್ದ ಈ ಹೊಸ ನಗರದಲ್ಲಿ ನಮ್ಮವರು ಮನೆ ಮಾಡಿ, ಮಕ್ಕಳನ್ನು ಓದಿಸಿ, ಸಂಘ ಕಟ್ಟಿದರು.

ಆ ಮಕ್ಕಳೇ ನಾವು. ನಮ್ಮ ಮಕ್ಕಳೇ ಇಂದಿನ ಕಾಲೇಜು ಹುಡುಗರು. ನಮಗೆ ಎಲ್ಲವೂ ಏರ್ಪಾಡಾಗಿಯೇ ದೊರೆತಿದೆ. ಶಾಲೆಗೆ ವ್ಯಾನು, ಪರೀಕ್ಷೆಗೆ ಟ್ಯೂಷನ್ನು, ಊರಿಗೆ ಹೋಗಲು ಹವಾನಿಯಂತ್ರಿತ ಡಬ್ಬಿ. ೧೯೯೮ರಲ್ಲಿ ಪೂರ್ತಿ ತೆರೆದ ಕೊಂಕಣ ರೈಲ್ವೆ ನಮಗೆ ಎಂಥ ಉಪಕಾರ ಮಾಡಿದೆಯೆಂಬುದನ್ನು ಬಲ್ಲೆವು. ರೋಹೆಯಿಂದ ಮಂಗಳೂರಿನ ಬಳಿಯ ತೋಕೂರಿನವರೆಗೆ ಸುಮಾರು ೭೪೦ ಕಿಲೋಮೀಟರು. ದಾರಿಯಲ್ಲಿ ತೊಂಬತ್ತಕ್ಕೂ ಮೇಲ್ಪಟ್ಟು ಸುರಂಗಗಳು. ಸಂಜೆ ಹತ್ತಿದರೆ ಬೆಳಗಾಗುವಷ್ಟರಲ್ಲಿ ಊರು. ಆದರೆ ಆ ೭೪೦ ಕಿಲೋಮೀಟರು ನಮ್ಮ ಮಕ್ಕಳ ಪಾಲಿಗೆ ಒಂದು ನಿದ್ದೆ ಅಷ್ಟೇ. ವಾಶಿಗೂ ಊರಿಗೂ ನಡುವೆ ಏನಿದೆಯೆಂದು ಕೇಳಿದರೆ 'ಕತ್ತಲೆ' ಎಂದು ಹೇಳುವ ತಲೆಮಾರು ಬೆಳೆದಿದೆ. ಊರಿಗೆ ಹೋಗುವ ದಾರಿಯನ್ನು ಒಮ್ಮೆಯಾದರೂ ಹಗಲ ಬೆಳಕಿನಲ್ಲಿ, ನಮ್ಮ ಕಾಲಿನ ಬಲದಲ್ಲಿ, ಗಜ ಗಜವಾಗಿ ಅಳೆದು ನೋಡಬೇಕೆಂಬುದೇ ನಮ್ಮ ಆಸೆ.

ದೊಡ್ಡ ಸಾಹಸವೆಂದು ಇದನ್ನು ಮೆರೆಸಲು ನಮಗೆ ನಾಚಿಕೆಯಾಗುತ್ತದೆ. ಏಕೆಂದರೆ ಈ ಮುಂಬಯಿಯಿಂದಲೇ ನೂರು ವರ್ಷಗಳ ಹಿಂದೆ ಹೊರಟವರ ಮುಂದೆ ಇದು ಏನೂ ಅಲ್ಲ. ೧೯೨೩ರ ಅಕ್ಟೋಬರ್ ೧೫ರಂದು ಪಾರ್ಸಿ ತರುಣರ ಗುಂಪೊಂದು ಮುಂಬಯಿಯಿಂದ ಸೈಕಲ್ಲಿನ ಮೇಲೆ ಜಗತ್ತನ್ನು ಸುತ್ತಲು ಹೊರಟಿತು. ಆದಿ ಹಕೀಂ, ಜಾಲ್ ಬಾಪಸೋಲಾ, ರುಸ್ತುಂ ಭೂಮ್ಗರಾ ಎಂಬ ಮೂವರು ೧೯೨೮ರ ಮಾರ್ಚಿಯಲ್ಲಿ ಸುತ್ತು ಮುಗಿಸಿ ಮನೆಗೆ ಮರಳಿದರು. ನಾಲ್ಕೂವರೆ ವರ್ಷಗಳಿಗೆ ಸಮೀಪ, ೪೪,೦೦೦ ಮೈಲಿ. ಇರಾನ್, ಇರಾಕ್‌ಗಳ ಮರುಭೂಮಿಯನ್ನೂ, ಯುರೋಪು ಅಮೆರಿಕಗಳನ್ನೂ, ಜಪಾನು, ಕೊರಿಯ, ಚೀನಗಳನ್ನೂ ದಾಟಿ ಬಂದರು. ದೂರವಾಣಿಯಿಲ್ಲ, ನಕ್ಷೆ ಸರಿಯಿಲ್ಲ, ಗುಲಾಮ ದೇಶದ ಪ್ರಜೆಗಳೆಂಬ ಹಣೆಪಟ್ಟಿ ಬೇರೆ. ತಮ್ಮ ಅನುಭವವನ್ನು ೧೯೩೧ರಲ್ಲಿ ಇಂಗ್ಲಿಷಿನಲ್ಲಿ ಪುಸ್ತಕವಾಗಿ ಬರೆದರು. ಅವರ ತರುವಾಯ ಫ್ರಾಮ್ರೋಜ್ ದಾವರ್ ಎಂಬ ಮತ್ತೊಬ್ಬ ಪಾರ್ಸಿ ತರುಣ ೧೯೨೪ರಲ್ಲಿ ಹೊರಟು ೧೯೩೧ರಲ್ಲಿ ಮರಳಿದರು. ಮುಂಬಯಿಯ ಮಣ್ಣಿನಲ್ಲಿ ಇಂಥ ಕೆಚ್ಚು ಇದ್ದಿತು ಎಂಬುದನ್ನು ನಮ್ಮ ಮಕ್ಕಳು ತಿಳಿದಿರುವುದು ಒಳ್ಳೆಯದು.

ಹೆಣ್ಣುಮಕ್ಕಳನ್ನು ಏಕೆ ಕರೆದೊಯ್ಯುತ್ತೀರಿ ಎಂದು ಕೇಳಿದವರುಂಟು. ಮೊದಲನೆಯದಾಗಿ, ನಾವು ಅವರನ್ನು ಕರೆದೊಯ್ಯುತ್ತಿಲ್ಲ, ಅವರೇ ಬರುತ್ತಿದ್ದಾರೆ. ಎರಡನೆಯದಾಗಿ, ಹತ್ತು ಹದಿನೈದು ಕಿಲೋಮೀಟರು ಏರು ಹತ್ತಿದ ಮೇಲೆ ಯಾರು ಯಾರಿಗಾಗಿ ಕಾಯುತ್ತಿರುತ್ತಾರೆಂಬುದನ್ನು ಖಾರಘರ್ ಗುಡ್ಡದ ಅಭ್ಯಾಸದಲ್ಲಿ ನಾವು ಗಂಡಸರು ಚೆನ್ನಾಗಿ ಕಂಡುಕೊಂಡಿದ್ದೇವೆ. ಮೂರನೆಯದಾಗಿ, ಪುಣೆಯ ವೇದಾಂಗಿ ಕುಲಕರ್ಣಿ ಎಂಬ ತರುಣಿಯ ನಿದರ್ಶನ ನಮ್ಮ ಕಣ್ಣ ಮುಂದಿದೆ. ೨೦೧೮ರಲ್ಲಿ, ಇನ್ನೂ ಇಪ್ಪತ್ತರ ವಯಸ್ಸಿನಲ್ಲಿ, ಆಕೆ ಆಸ್ಟ್ರೇಲಿಯದ ಪರ್ತ್ ಊರಿನಿಂದ ಹೊರಟು ಸುಮಾರು ೨೯,೦೦೦ ಕಿಲೋಮೀಟರನ್ನು ೧೫೯ ದಿನಗಳಲ್ಲಿ ಸವಾರಿ ಮಾಡಿ ಜಗತ್ತನ್ನು ಸುತ್ತಿದಳು. ದಾರಿಯ ಬಹುಪಾಲು ಒಬ್ಬಳೇ, ತನ್ನ ಸಾಮಾನನ್ನು ತಾನೇ ಹೊತ್ತು. ಕೆನಡದಲ್ಲಿ ಕರಡಿ ಬೆನ್ನಟ್ಟಿತು. ಸ್ಪೇಯಿನಿನಲ್ಲಿ ಕಳ್ಳರು ಚೂರಿ ತೋರಿಸಿ ದೋಚಿದರು. ಆಕೆ ನಿಲ್ಲಲಿಲ್ಲ. ನಮ್ಮ ಹೆಣ್ಣುಮಕ್ಕಳು ಆರು ದಿನ ಕೊಂಕಣದಲ್ಲಿ, ಜೊತೆಯವರೊಡನೆ ಸವಾರಿ ಮಾಡುವುದನ್ನು ತಡೆಯಲು ನಮ್ಮಲ್ಲಿ ಯಾವ ಕಾರಣವಿದೆ, ಹೇಳಿ.

ಇನ್ನು ದಾರಿಯ ವಿಚಾರ. ಪನವೇಲದಿಂದ ದಕ್ಷಿಣಕ್ಕೆ ಕನ್ಯಾಕುಮಾರಿಯವರೆಗೆ ೬೬ನೆಯ ರಾಷ್ಟ್ರೀಯ ಹೆದ್ದಾರಿ ಉಂಟು. ಮೊದಲು ಇದರ ಬಹುಭಾಗಕ್ಕೆ ೧೭ನೆಯ ಹೆದ್ದಾರಿಯೆಂದು ಹೆಸರಿತ್ತು. ನೇರವಾದ ದಾರಿ ಅದೇ. ಆದರೆ ಲಾರಿಗಳ ಭರಾಟೆಯಿಂದ ತಪ್ಪಿಸಿಕೊಳ್ಳಲು ನಾವು ಕಡಲಂಚಿನ ದಾರಿ ಹಿಡಿಯುತ್ತೇವೆ. ವಾಶಿಯಿಂದ ಉರಣ್ ಕಡೆಗೆ ಹೋಗಿ ಕರಂಜಾದಲ್ಲಿ ದೋಣಿ ಹತ್ತಿ ರೇವಸ್ ಸೇರುವುದು. ಅಲ್ಲಿಂದ ಅಲಿಬಾಗ, ಮುರುಡ. ಆಗರದಾಂಡಾದಿಂದ ದಿಘಿಗೆ ಎರಡನೆಯ ಕಡವು. ಶ್ರೀವರ್ಧನ ದಾಟಿ ಬಾಗಮಾಂಡಲಾದಿಂದ ವೇಶ್ವಿಗೆ ಸಾವಿತ್ರಿ ನದಿಯ ಕಡವು. ದಾಭೋಳದಿಂದ ಧೋಪಾವೆಗೆ ವಾಶಿಷ್ಠಿ ನದಿಯ ಕಡವು. ತವಸಾಳದಿಂದ ಜಯಗಡಕ್ಕೆ ಶಾಸ್ತ್ರಿ ನದಿಯ ಕಡವು. ಆಮೇಲೆ ಗಣಪತಿಪುಳೆ, ರತ್ನಾಗಿರಿ, ದೇವಗಡ, ಮಾಲವಣ, ವೆಂಗುರ್ಲೆ. ಕೊನೆಗೆ ತೇರೆಖೋಲದ ಕಡವು ದಾಟಿದರೆ ಗೋವೆ. ಹೀಗೆ ಒಟ್ಟು ಆರು ಕಡವುಗಳು. ಕೊನೆಯ ಫೆರಿ ತಪ್ಪಿದರೆ ಬೆಳಗಾಗುವ ತನಕ ದಡದಲ್ಲೇ ಕುಳಿತಿರಬೇಕು. ಕಾಲಿನ ಬಲ ಎಷ್ಟಿದ್ದರೂ ಹೊಳೆ ಯಾರಿಗೂ ಕಾಯುವುದಿಲ್ಲ.

ಕಡಲಂಚಿನ ದಾರಿ ಸಮತಟ್ಟೆಂದು ಭಾವಿಸಬೇಡಿ. ಸಹ್ಯಾದ್ರಿಯ ಚಾಚುಗಳು ಸಮುದ್ರದವರೆಗೂ ಬಂದಿವೆ. ಪ್ರತಿಯೊಂದು ಹೊಳೆಯ ಬಾಯಿಗೂ ಇಳಿಯಬೇಕು, ದಾಟಬೇಕು, ಆಚೆಯ ಜಂಬಿಟ್ಟಿಗೆಯ ಬೋಳು ಗುಡ್ಡವನ್ನು ಮತ್ತೆ ಹತ್ತಬೇಕು. ಒಂದು ಏರು ಮುಗಿದು ಉಸಿರು ಬಿಡುವಷ್ಟರಲ್ಲಿ ಮುಂದಿನ ಇಳುಕಲು. ಹೀಗೆ ದಿನಕ್ಕೆ ಎಂಟು ಹತ್ತು ಸಲ. ಹೊತ್ತ ಸಾಮಾನು ಹತ್ತು ಕಿಲೋ ಇದ್ದರೆ ಪ್ರತಿ ಏರಿನಲ್ಲೂ ಆ ಹತ್ತು ಕಿಲೋ ತನ್ನ ಲೆಕ್ಕ ಒಪ್ಪಿಸಿಕೊಳ್ಳುತ್ತದೆ. ಆದುದರಿಂದ ಹೊರಡುವ ಮುನ್ನ ಒಂದೊಂದು ವಸ್ತುವನ್ನೂ ಕೈಯಲ್ಲಿ ಹಿಡಿದು, 'ನೀನಿಲ್ಲದೆ ನಡೆಯದೇ?' ಎಂದು ಕೇಳುತ್ತಿದ್ದೇವೆ. ಎರಡು ಜೊತೆ ಬಟ್ಟೆ, ಒಂದು ತೆಳು ಹೊದಿಕೆ, ಮಳೆಯಂಗಿ. ಎರಡೆರಡು ಟ್ಯೂಬು, ಪಂಕ್ಚರ್ ಹಚ್ಚುವ ಸಾಮಾನು, ಪಂಪು, ಚೈನಿನ ಬಿಡಿ ಕೊಂಡಿ, ಬ್ರೇಕಿನ ಪ್ಯಾಡು, ಕೀಲಿಗಳು. ಗಾಯಕ್ಕೆ ಮುಲಾಮು, ಪಟ್ಟಿ. ಇಷ್ಟರಲ್ಲಿಯೇ ಆರು ದಿನ ಕಳೆಯಬಹುದೆಂದು ಕಂಡಾಗ, ಮನೆಯ ಕಪಾಟುಗಳಲ್ಲಿ ತುಂಬಿರುವುದೆಲ್ಲ ಏತಕ್ಕೆಂಬ ಪ್ರಶ್ನೆಯೂ ಹುಟ್ಟುತ್ತದೆ. ಪಂಕ್ಚರ್ ಹಚ್ಚುವುದನ್ನು, ಚೈನು ಜೋಡಿಸುವುದನ್ನು ಆರು ಮಂದಿಯೂ ಕಲಿತಿರುವೆವು. ಕಲಿಯದವರು ಹೊರಡಕೂಡದೆಂಬುದು ನಮ್ಮ ಮೊದಲ ಕಟ್ಟಳೆ.

ಊಟದ ವಿಚಾರದಲ್ಲಿ ತಾಯಂದಿರಿಗೆ ಬಹಳ ಚಿಂತೆ. ದೂರದ ಸವಾರಿಯಲ್ಲಿ ಹಸಿವಾದ ಮೇಲೆ ತಿಂದರೆ ತಡವಾಯಿತು. ಬಾಯಾರಿದ ಮೇಲೆ ಕುಡಿದರೂ ತಡವಾಯಿತು. ಮೈಯಲ್ಲಿ ಕೂಡಿಟ್ಟ ಸಕ್ಕರೆಯ ಅಂಶ ಎರಡು ಮೂರು ಗಂಟೆಯ ಬಿರುಸಾದ ದುಡಿಮೆಗೆ ಮುಗಿದುಹೋಗುತ್ತದೆ. ಆಗ ಕಾಲು ಸೋಲುವುದಕ್ಕೆ ಮೊದಲು ಬುದ್ಧಿ ಸೋಲುತ್ತದೆ. ಆದುದರಿಂದ ಗಂಟೆಗೆ ೩೦ರಿಂದ ೬೦ ಗ್ರಾಂ ಪಿಷ್ಟ, ಅರ್ಧ ಲೀಟರಿಗೆ ಮೇಲ್ಪಟ್ಟು ನೀರು ಎಂಬ ಲೆಕ್ಕವಿಟ್ಟುಕೊಂಡಿದ್ದೇವೆ. ಬರಿಯ ನೀರನ್ನೇ ಕೊಡಗಟ್ಟಲೆ ಕುಡಿದರೂ ಅಪಾಯ. ಬೆವರಿನಲ್ಲಿ ಹೋದ ಉಪ್ಪನ್ನೂ ತುಂಬಿಕೊಡಬೇಕು. ಇದಕ್ಕೆ ವಿದೇಶದ ಪುಡಿ ಪೊಟ್ಟಣಗಳೇ ಬೇಕೆಂದಿಲ್ಲ. ಎರಡು ಬಾಳೆಹಣ್ಣಿನಲ್ಲಿ ಸುಮಾರು ೫೦ ಗ್ರಾಂ ಪಿಷ್ಟ ಉಂಟು. ಶೇಂಗಾ ಚಿಕ್ಕಿ, ಬೆಲ್ಲ, ಅವಲಕ್ಕಿ, ಹುರಿಹಿಟ್ಟು ನಮ್ಮ ಹಿರಿಯರ ಬುತ್ತಿಯೇ ಆಗಿದ್ದುವು. ದಾರಿಯಲ್ಲಿ ಪೋಹೆ, ಉಸಳ, ಅಕ್ಕಿ ರೊಟ್ಟಿ, ಪುನರ್ಪುಳಿ ಹಾಕಿದ ಸೋಲಕಢಿ ಸಿಗುವ ಕೊಂಕಣದಲ್ಲಿ ಉಪವಾಸ ಬೀಳುವ ಭಯವಿಲ್ಲ.

ಈಗ ಅತ್ಯಂತ ಕಠಿಣವಾದ ಪ್ರಶ್ನೆಗೆ ಬರುತ್ತೇವೆ. ಅದನ್ನು ಮುಚ್ಚಿಡುವುದು ನಿಮಗೆ ಮಾಡುವ ವಂಚನೆಯಾದೀತು. ೨೦೨೪ರ ಫೆಬ್ರುವರಿ ೨೮ರ ಬೆಳಗ್ಗೆ, ನಾವು ದಿನವೂ ಅಭ್ಯಾಸ ಮಾಡುವ ಪಾಮ್ ಬೀಚ್ ರಸ್ತೆಯಲ್ಲಿಯೇ, ನೆರೂಳದ ಬಳಿ, ಇಂಟೆಲ್ ಕಂಪೆನಿಯ ಭಾರತ ಶಾಖೆಯ ಮುಖ್ಯಸ್ಥರಾಗಿದ್ದ ಅವತಾರ್ ಸೈನಿಯವರು ಸೈಕಲ್ ಸವಾರಿಯಲ್ಲಿದ್ದಾಗ ವೇಗವಾಗಿ ಬಂದ ಟ್ಯಾಕ್ಸಿ ಹಿಂದಿನಿಂದ ಬಡಿದು ತೀರಿಕೊಂಡರು. ಯುರೋಪಿನಲ್ಲಿ ಬೆಂಬಲವಿಲ್ಲದ ಮಹಾ ಓಟವೊಂದನ್ನು ೨೦೧೩ರಲ್ಲಿ ಹುಟ್ಟುಹಾಕಿದ ಮೈಕ್ ಹಾಲ್ ಎಂಬ ಹೆಸರಾಂತ ಸವಾರರು ೨೦೧೭ರ ಮಾರ್ಚಿಯಲ್ಲಿ ಆಸ್ಟ್ರೇಲಿಯದ ಹೆದ್ದಾರಿಯಲ್ಲಿ, ಬೆಳಗಿನ ಕತ್ತಲೆಯಲ್ಲಿ, ಕಾರು ಬಡಿದು ಸತ್ತರು. ಇವರಿಬ್ಬರೂ ಹೊಸಬರಲ್ಲ, ಅನುಭವಿಗಳು. ಸೈಕಲ್ಲಿನವನ ಮೈಗೆ ಕವಚವಿಲ್ಲ. ತಾನು ಎಷ್ಟು ಎಚ್ಚರದಿಂದಿದ್ದರೂ ಇನ್ನೊಬ್ಬನ ಎಚ್ಚರಗೇಡಿತನಕ್ಕೆ ಅವನು ಬಲಿಯಾಗಬಹುದು. ಸೈನಿಯವರ ಸುದ್ದಿ ಬಂದ ದಿನ ನಮ್ಮ ಮನೆಗಳಲ್ಲಿ ಒಲೆ ಹೊತ್ತುವುದಕ್ಕೆ ತಡವಾಯಿತು. ಸೈಕಲ್ಲುಗಳು ಹಲವು ವಾರ ಗೋಡೆಗೆ ಒರಗಿಯೇ ಇದ್ದುವು. ಮತ್ತೆ ಇಳಿಸಬೇಕೇ ಬೇಡವೇ ಎಂಬುದನ್ನು ನಾವು ಮಾತ್ರ ತೀರ್ಮಾನಿಸಲಿಲ್ಲ; ಹೆಂಡಂದಿರು, ಗಂಡಂದಿರು, ತಂದೆತಾಯಿಗಳು ಕೂಡಿ ಕುಳಿತು ತೀರ್ಮಾನಿಸಿದರು.

ಆ ದಿನ ಗೊತ್ತಾದ ಕಟ್ಟಳೆಗಳೇ ಇಂದಿಗೂ ನಮ್ಮನ್ನು ಆಳುತ್ತಿವೆ. ಕತ್ತಲಾದ ಮೇಲೆ ಹೆದ್ದಾರಿಯಲ್ಲಿ ಸವಾರಿಯಿಲ್ಲ. ಹಗಲಿನಲ್ಲಿಯೂ ಹಿಂದಿನ ಕೆಂಪು ದೀಪ ಉರಿಯುತ್ತಿರಬೇಕು; ತಲೆಗೆ ಹೆಲ್ಮೆಟ್ಟು, ಮೈಮೇಲೆ ಹೊಳೆಯುವ ಅಂಗಿ ತಪ್ಪಕೂಡದು. ಸಾಲಾಗಿ, ಒಬ್ಬರ ಹಿಂದೆ ಒಬ್ಬರು; ಮಾತುಕತೆ ಚಹಾ ಅಂಗಡಿಯಲ್ಲಿ. ದಿನಕ್ಕೆ ಏಳು ಗಂಟೆಯ ನಿದ್ದೆ. ನಿದ್ದೆಗೆಟ್ಟವನು ಕುಡಿದವನಿಗೆ ಸಮಾನ. ಹೊಳೆ, ಘಟ್ಟಗಳನ್ನು ದಾಟಿದಾಗ ಮನೆಗೊಂದು ಸಂದೇಶ. ಆರರಲ್ಲಿ ಯಾರೊಬ್ಬರು 'ಇಂದಿಗೆ ಸಾಕು' ಎಂದರೂ ಅಂದಿಗೆ ಸಾಕು; ಏಕೆಂದು ಕೇಳುವಂತಿಲ್ಲ. ರೈಲು ನಿಲ್ದಾಣ ಎಲ್ಲಿಯೂ ಬಹು ದೂರವಿಲ್ಲ. ನಡುವೆ ಬಿಟ್ಟು ರೈಲು ಹತ್ತಿ ಬಂದವರನ್ನು ಸೋತವರೆಂದು ಈ ಸಂಘದಲ್ಲಿ ಯಾರೂ ಅನ್ನಕೂಡದೆಂದು ಈಗಲೇ ನಿಮ್ಮಿಂದ ಮಾತು ತೆಗೆದುಕೊಳ್ಳಬಯಸುತ್ತೇವೆ. ಹೊರಡುವುದಕ್ಕೆ ಧೈರ್ಯ ಬೇಕು, ನಿಜ. ನಿಲ್ಲಿಸುವುದಕ್ಕೆ ಅದಕ್ಕಿಂತ ಹೆಚ್ಚಿನ ಧೈರ್ಯ ಬೇಕು.

ಟೆಂಪೋ ಜೊತೆಗಿದ್ದರೆ ಹೆಚ್ಚು ಸುರಕ್ಷಿತವಲ್ಲವೇ ಎಂದು ಕೇಳಬಹುದು. ಆ ಇಕ್ಕಟ್ಟಾದ ಕಡಲ ದಾರಿಯಲ್ಲಿ ಸೈಕಲ್ಲಿನ ವೇಗದಲ್ಲಿ ತೆವಳುವ ಗಾಡಿಯೊಂದು ಹಿಂದಿನ ವಾಹನಗಳನ್ನೆಲ್ಲ ತಡೆದು, ಅವು ರೇಗಿ ನುಗ್ಗಿ ಮುಂದೆ ಬರುವಂತೆ ಮಾಡುತ್ತದೆ. ಅದಕ್ಕಿಂತ ಮುಖ್ಯವಾದ ಮಾತೊಂದುಂಟು. ಗಾಡಿ ಹಿಂದಿದೆ ಎಂದು ತಿಳಿದವನು ಏರಿನಲ್ಲಿ ಗಾಡಿಯನ್ನೇ ನೆನೆಯುತ್ತಾನೆ. ಎದುರಿನ ಹಳ್ಳಿಯನ್ನು ನೋಡುವುದಿಲ್ಲ. ಬುತ್ತಿ ಹಿಂದೆ ಬರುತ್ತಿದ್ದರೆ ಖಾನಾವಳಿಯ ಅಜ್ಜಿಯೊಡನೆ ಮಾತನಾಡುವ ಅಗತ್ಯವೇ ಬೀಳದು. ಗಾಡಿಯವನಿಗೆ ದಾರಿ ಪರಕೀಯವಾಗಿಯೇ ಉಳಿಯುತ್ತದೆ. ಕೈ ಬರಿದಾಗಿದ್ದವನು ಮಾತ್ರ ದಾರಿಯವರ ಭಾಷೆ ಕಲಿಯುತ್ತಾನೆ. ನಮ್ಮ ಹಿರಿಯರು ಮರಾಠಿ, ಗುಜರಾತಿ, ಹಿಂದಿ ಭಾಷೆಗಳನ್ನು ಪುಸ್ತಕದಿಂದ ಕಲಿತರೇ? ಬೇಕೆಂಬ ಗರಜು ಇದ್ದುದರಿಂದ ಕಲಿತರು. ಕಲಿತದ್ದರಿಂದ ಈ ನೆಲ ಅವರನ್ನು ತನ್ನವರೆಂದು ಒಪ್ಪಿಕೊಂಡಿತು.

ಕಾರವಾರವನ್ನೇ ಏಕೆ ಗುರಿಯಾಗಿ ಆರಿಸಿದಿರಿ ಎಂಬುದಕ್ಕೂ ಕಾರಣವುಂಟು. ಉತ್ತರ ಕನ್ನಡ ಜಿಲ್ಲೆಯನ್ನು ೧೮೬೨ರಲ್ಲಿ ಮದರಾಸು ಪ್ರಾಂತದಿಂದ ತೆಗೆದು ಮುಂಬಯಿ ಪ್ರಾಂತಕ್ಕೆ ಸೇರಿಸಿದರು. ಅಂದಿನಿಂದ ೧೯೫೬ರವರೆಗೆ ಕಾರವಾರದವರಿಗೆ ರಾಜಧಾನಿ ಮುಂಬಯಿಯೇ. ನಡುವೆ ಪೋರ್ತುಗೀಜರ ಗೋವೆ ಬೇರೆ ರಾಜ್ಯವಾಗಿ ನಿಂತಿತ್ತು. ಅದು ೧೯೬೧ರ ಡಿಸೆಂಬರಿನಲ್ಲಿ ಬಿಡುಗಡೆ ಹೊಂದಿತು. ೧೯೫೬ರ ನವೆಂಬರ್ ೧ರಂದು ಹರಿದು ಹಂಚಿಹೋಗಿದ್ದ ಕನ್ನಡ ನಾಡು ಒಂದಾಯಿತು. ೧೯೭೩ರಲ್ಲಿ ಅದಕ್ಕೆ ಕರ್ನಾಟಕವೆಂಬ ಹೆಸರಾಯಿತು. ಹೀಗೆ ಗಡಿಗಳು ಬದಲಾದರೂ ಕಡಲಂಚಿನ ದಾರಿ ಅದೇ ಇದೆ. ತರುಣ ರವೀಂದ್ರನಾಥ ಠಾಕೂರರು ಅಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣನ ಮನೆಯಲ್ಲಿ ಕೆಲಕಾಲ ತಂಗಿ ಆ ಕಡಲಿಗೆ ಮನಸೋತಿದ್ದರು. ಇಂದಿಗೂ ಅಲ್ಲಿಯ ಕಡಲ ತೀರಕ್ಕೆ ಅವರ ಹೆಸರಿದೆ. ಗೋವೆಯ ಕರ್ಮಲ ಘಟ್ಟ ಹತ್ತಿ ಇಳಿದು, ಕಾಣಕೋಣ ದಾಟಿದರೆ ಗಡಿ. ಆಮೇಲೆ ಸದಾಶಿವಗಡ, ಕಾಳಿ ನದಿ. ಆ ನದಿಯ ಮೇಲಿನ ಹಳೆಯ ಸೇತುವೆ ೨೦೨೪ರ ಆಗಸ್ಟ್ ೭ರ ನಡುರಾತ್ರಿ ಕುಸಿದುಬಿದ್ದಿತು. ಹೊಸ ಸೇತುವೆಯ ಮೇಲೆ ನಾವು ದಾಟಬೇಕು. ಕನ್ನಡದ ಬೋರ್ಡು ಕಾಣುವ ಮೊದಲ ಅಂಗಡಿಯಲ್ಲಿ ನಮ್ಮ ಹುಡುಗರೇ ಓದಿ ಹೇಳಿ ಚಹಾ ತರಿಸಬೇಕೆಂದು ಗೊತ್ತುಮಾಡಿದ್ದೇವೆ. ಆ ಒಂದು ಬೋರ್ಡಿಗಾಗಿ ಅವರಿಬ್ಬರೂ ಶ್ರಾವಣದಿಂದ ಅಕ್ಷರ ತಿದ್ದುತ್ತಿದ್ದಾರೆ. ಮನೆಯಲ್ಲಿ ಕನ್ನಡ ಮಾತನಾಡಿದರೂ ಓದಲು ಬಾರದಿದ್ದ ಮಕ್ಕಳಿಗೆ ನಮ್ಮ ಗದರಿಕೆಯಿಂದ ಆಗದ ಕೆಲಸ ಸೈಕಲ್ಲಿನಿಂದ ಆಗುತ್ತಿದೆ.

ಕೊನೆಯದಾಗಿ ಸಂಘಕ್ಕೆ ನಮ್ಮ ಬಿನ್ನಹ. ಟೆಂಪೋವಿಗೆಂದು ತೆಗೆದಿರಿಸಲು ಯೋಚಿಸಿದ್ದ ಹಣದಿಂದ ನಮ್ಮ ಮಕ್ಕಳಿಗಾಗಿ ನಾಲ್ಕು ಸಾಮಾನ್ಯ ಬೈಸಿಕಲ್ಲುಗಳನ್ನು ಕೊಂಡು ಸಂಘದಲ್ಲಿಡಿ. ರವಿವಾರ ಬೆಳಗ್ಗೆ ಪಂಕ್ಚರ್ ಹಚ್ಚುವುದನ್ನು, ರಸ್ತೆಯ ನಿಯಮಗಳನ್ನು ಕಲಿಸುವ ಹೊಣೆ ನಮ್ಮದು. ಪಾಮ್ ಬೀಚ್ ರಸ್ತೆಯಲ್ಲಿ ಸೈಕಲ್ಲಿನವರಿಗೆ ಪ್ರತ್ಯೇಕವಾದ, ಕಟ್ಟೆಯಿಂದ ಬೇರ್ಪಡಿಸಿದ ಪಟ್ಟಿ ಬೇಕೆಂದು ಇತರ ಭಾಷೆಯ ಸಂಘಗಳೊಡನೆ ಸೇರಿ ನಗರದ ಆಡಳಿತಕ್ಕೆ ಮನವಿ ಕೊಡಿ. ಪ್ರಾಣಕ್ಕೆ ಭಾಷೆಯ ಭೇದವಿಲ್ಲ. ನಾವು ಮರಳಿ ಬಂದಾಗ ಹಾರ ತುರಾಯಿಗಳ ಸತ್ಕಾರ ಬೇಡ. ಪಯಣದ ಲೆಕ್ಕವನ್ನು, ಎಲ್ಲಿ ಏರು, ಎಲ್ಲಿ ನೀರು, ಎಲ್ಲಿ ತಂಗು ಎಂಬುದನ್ನು, ಬರೆದು ಸಂಘದ ಗ್ರಂಥಾಲಯಕ್ಕೆ ಒಪ್ಪಿಸುತ್ತೇವೆ. ಮುಂದಿನ ವರ್ಷ ಹೊರಡುವವರಿಗೆ ಅದು ಉಪಯೋಗಕ್ಕೆ ಬಂದರೆ ನಮ್ಮ ಶ್ರಮ ಸಾರ್ಥಕ. ಅದೂ ಮುಂದಾಗಿ ಏರ್ಪಡಿಸಿದ ಸಹಾಯವಲ್ಲವೇ ಎಂದು ಯಾರಾದರೂ ಕೇಳಿದರೆ, ಗ್ರಂಥಾಲಯದ ಬಾಗಿಲು ಎಲ್ಲರಿಗೂ ತೆರೆದಿದೆಯೆಂದು ಉತ್ತರಿಸುತ್ತೇವೆ.

ದೇಶ ಸುತ್ತು, ಕೋಶ ಓದು ಎಂದು ನಮ್ಮಲ್ಲಿ ಗಾದೆಯುಂಟು. ಸುತ್ತುವುದಕ್ಕೆ ನಮ್ಮ ಕಾಲುಗಳು ಸಿದ್ಧವಾಗಿವೆ. ನಮಗೆ ಬೇಕಾಗಿರುವುದು ನಿಮ್ಮ ಒಪ್ಪಿಗೆ, ಅದರಲ್ಲಿಯೂ ಮನೆಯಲ್ಲಿ ಉಳಿದು ಆರು ರಾತ್ರಿ ಫೋನಿನ ಕಡೆ ನೋಡುತ್ತ ಕೂಡಬೇಕಾದ ತಾಯಂದಿರ ಒಪ್ಪಿಗೆ. ನಮ್ಮ ಪಯಣಕ್ಕಿಂತ ಅವರ ಕಾಯುವಿಕೆ ಕಠಿಣವೆಂಬುದನ್ನು ಬಲ್ಲೆವು. ರೈಲಿನ ದುಡ್ಡು ಕೊಡುತ್ತೇನೆಂದ ಆ ಹಿರಿಯ ತಾಯಿಗೆ ನಮ್ಮದೊಂದು ಕೋರಿಕೆ: ಆ ದುಡ್ಡನ್ನು ಜೋಪಾನವಾಗಿಡಿ; ಕಾರವಾರದಿಂದ ಹಿಂದಿರುಗುವಾಗ ನಾವು ರೈಲಿನಲ್ಲಿಯೇ ಬರುತ್ತೇವೆ.